ಹೆಣ್ಣುಮಕ್ಕಳ ವಿದ್ಯಾಭ್ಯಾಸದಲ್ಲಿ ಸುರಕ್ಷತೆಯೂ ಮಾತಿನ ದಾರಿಯೂ

ಶಾಲೆಯೆಂದರೆ ನಾಲ್ಕು ಗೋಡೆ, ಒಂದು ಗಂಟೆ, ಕೆಲವು ಪುಸ್ತಕಗಳು ಎಂದೆಣಿಸುವ ಕಾಲವು ಹಿಂದೆ ಸರಿದು ಬಹುದಿನಗಳಾದುವು. ಈಗಿನ ಪ್ರೌಢಶಾಲೆಯಲ್ಲಿ ಗಣಕಯಂತ್ರವುಂಟು, ಪ್ರಯೋಗಶಾಲೆಯುಂಟು, ಬಾಗಿಲಲ್ಲಿ ಕಾವಲುಗಾರನುಂಟು, ಗೋಡೆಯ ಮೇಲೆ ಕ್ಯಾಮರಾ ಉಂಟು. ಪಾಲಕರ ಕಿಸೆಯಲ್ಲಿ ಮೊಬೈಲು ಉಂಟು. ಇಷ್ಟೆಲ್ಲ ಇದ್ದರೂ, ಮಗಳನ್ನು ಮುಂಜಾನೆ ಶಾಲೆಗೆ ಕಳಿಸಿದ ತಾಯಿಯು ಸಾಯಂಕಾಲ ಅವಳ ಹೆಜ್ಜೆಯ ಸಪ್ಪಳ ಕೇಳುವ ತನಕ ನೆಮ್ಮದಿಯಿಂದಿರಲಾರಳೆಂಬುದು ನಮಗೆಲ್ಲರಿಗೂ ತಿಳಿದ ಮಾತು. ಸಲಕರಣೆಗಳು ಹೆಚ್ಚಿದಂತೆ ಅಂಜಿಕೆಯೇಕೆ ಕಡಿಮೆಯಾಗಲಿಲ್ಲ? ಈ ಪ್ರಶ್ನೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಹಾಗೂ ಪಾಲಕರ ಮುಂದಿಟ್ಟು, ಅವರೊಡನೆ ಕೂಡಿ ವಿಚಾರ ಮಾಡಬೇಕೆಂಬುದೇ ಈ ಲೇಖನದ ಉದ್ದೇಶವು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು. ವಿದ್ಯಾರ್ಥಿನಿಯ ರಕ್ಷಣೆಗೆ ಗೋಡೆಯೂ ಬೇಕು, ಕಾಯಿದೆಯೂ ಬೇಕು. ಆದರೆ ಅವಳ ಮಾತು ಅವಳ ಬಾಯಿಂದ ಹೊರಟು, ಕೇಳಿ ಕೆಲಸ ಮಾಡಬಲ್ಲ ಹಿರಿಯರೊಬ್ಬರ ಕಿವಿಯ ತನಕ ನಿರಾತಂಕವಾಗಿ ಮುಟ್ಟುವ ದಾರಿಯಿಲ್ಲದಿದ್ದರೆ ಗೋಡೆಯೂ ಕಾಯಿದೆಯೂ ನಿದ್ರಿಸುತ್ತವೆ. ಆ ದಾರಿಗೆ ಅಡ್ಡಲಾಗಿ ಬಿದ್ದಿರುವ ಬಂಡೆ ಯಾವುದು, ಅದನ್ನು ಸರಿಸುವ ಬಗೆ ಯಾವುದು ಎಂಬುದನ್ನು ಒಂದೊಂದಾಗಿ ನೋಡುವಾ.

೧. ನಮ್ಮ ಸೀಮೆಯ ವಿಚಾರ

ದುಬಲಗುಂಡಿಯು ಬೀದರ ಜಿಲ್ಲೆಯ ಹುಮನಾಬಾದ ತಾಲೂಕಿನಲ್ಲಿ ಒಂದು ಹೋಬಳಿಯ ಊರು. ತೊಗರಿ, ಜೋಳ, ಸೋಯಾ, ಕಬ್ಬು ಬೆಳೆಯುವ ಹೊಲಗಳ ನಡುವೆ ಹಳ್ಳಿಗಳೂ ತಾಂಡಾಗಳೂ ಹರಡಿಕೊಂಡಿರುವ ಸೀಮೆಯಿದು. ಇಲ್ಲಿಯ ಮಕ್ಕಳು ಕೆಳಗಿನ ತರಗತಿಗಳನ್ನು ತಮ್ಮ ಊರಿನಲ್ಲಿಯೇ ಮುಗಿಸುವರು. ಮುಂದಿನ ಓದಿಗೆ ಅನೇಕರು ಊರು ಬಿಟ್ಟು ದಾರಿ ಹಿಡಿಯಬೇಕಾಗುವುದು. ದಾರಿ ಹಿಡಿಯುವ ಆ ವಯಸ್ಸು ಹದಿಮೂರು ಹದಿನಾಲ್ಕರದು. ಹುಡುಗಿಯು ದೊಡ್ಡವಳಾಗುವ ವಯಸ್ಸೂ ಅದೇ, ಮನೆಯವರ ಅಂಜಿಕೆಯು ಬಲಿಯುವ ವಯಸ್ಸೂ ಅದೇ, ಓದು ನಿಲ್ಲುವ ವಯಸ್ಸೂ ಅದೇ ಎಂಬುದನ್ನು ಮೊದಲು ಗಮನಕ್ಕೆ ತಂದುಕೊಳ್ಳತಕ್ಕದ್ದು.

ಈ ನಾಡಿನ ಹೆಣ್ಣುಮಕ್ಕಳಿಗೆ ವಿದ್ಯೆಯು ಅನಾಯಾಸವಾಗಿ ದೊರೆತುದಲ್ಲ. ನಿಜಾಮರ ಆಳಿಕೆಯಲ್ಲಿ ಸರಕಾರದ ಭಾಷೆ ಉರ್ದು. ಮನೆಯಲ್ಲಿ ಕನ್ನಡವಾಡುವ ಮಗು ಮೇಲಿನ ತರಗತಿಗಳಲ್ಲಿ ಪರಭಾಷೆಯಲ್ಲಿ ಪಾಠ ಹೇಳಿಸಿಕೊಳ್ಳಬೇಕಾಗಿತ್ತು. ೧೯೪೮ನೆಯ ಸೆಪ್ಟೆಂಬರ ೧೭ರ ತರುವಾಯ ಹೈದರಾಬಾದ ಸಂಸ್ಥಾನವು ಭಾರತದಲ್ಲಿ ಸೇರಿತು. ೧೯೫೬ನೆಯ ನವೆಂಬರ ೧ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆಯೇ ಹರಿದು ಮೂರು ಪಾಲಾಯಿತು: ಉದಗೀರ, ನಿಲಂಗಾ ಮೊದಲಾದುವು ಈಗಿನ ಮಹಾರಾಷ್ಟ್ರದ ಕಡೆಗೆ, ಜಹೀರಾಬಾದ, ನಾರಾಯಣಖೇಡಗಳು ಈಗಿನ ತೆಲಂಗಾಣದ ಕಡೆಗೆ ಹೋದುವು, ಬೀದರ, ಹುಮನಾಬಾದ, ಭಾಲ್ಕಿ, ಬಸವಕಲ್ಯಾಣಗಳು ಮೈಸೂರು ರಾಜ್ಯಕ್ಕೆ ಬಂದುವು. ಅಂತೆಯೇ ಇಂದಿಗೂ ನಮ್ಮ ಒಂದೇ ತರಗತಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಮಾತಾಡುವ ಮನೆಗಳ ಮಕ್ಕಳು ಒಂದೇ ಹಲಗೆಯ ಮೇಲೆ ಕುಳಿತುಕೊಳ್ಳುವರು. ೨೦೧೧ರ ಜನಗಣತಿಯ ಪ್ರಕಾರ ಬೀದರ ಜಿಲ್ಲೆಯ ಹೆಂಗಸರಲ್ಲಿ ಓದುಬರಹ ಬಲ್ಲವರು ನೂರಕ್ಕೆ ಅರುವತ್ತಕ್ಕೆ ತುಸು ಮೇಲ್ಪಟ್ಟು ಮಾತ್ರ. ಎಂದರೆ ಶಾಲೆಯಿಂದ ಮನೆಗೆ ಹೋದ ಚೀಟಿಯನ್ನು ತಾನೇ ಓದಲಾರದ ತಾಯಂದಿರು ನಮ್ಮಲ್ಲಿ ವಿರಳರಲ್ಲ.

ಹೀಗಿದ್ದರೂ ಹೆಣ್ಣಿನ ಮಾತಿಗೆ ಈ ನೆಲದಲ್ಲಿ ಹಳೆಯ ಇತಿಹಾಸವುಂಟು. ಹುಮನಾಬಾದ ತಾಲೂಕಿನಲ್ಲಿಯೇ ಇರುವ ಜಲಸಂಗಿಯ ದೇವಾಲಯದ ಗೋಡೆಯ ಮೇಲೆ, ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದ ಒಬ್ಬ ಶಿಲಾಬಾಲಿಕೆಯು ನಿಂತು ಶಾಸನವನ್ನು ಬರೆಯುತ್ತಿದ್ದಾಳೆ. ಅಕ್ಷರ ಬಲ್ಲ ಹೆಣ್ಣಿನ ಇಂಥ ಚಿತ್ರವು ಶಾಲೆಯ ಅಂಗಳಕ್ಕೆ ಇಷ್ಟು ಹತ್ತಿರದಲ್ಲಿರುವುದು ನಮ್ಮ ಭಾಗ್ಯವೇ ಸರಿ. ಆದರೆ ಒಂದು ಸಂಗತಿಯನ್ನು ಮರೆಯಲಾಗದು: ಅವಳು ಬರೆಯುತ್ತಿರುವುದು ದೊರೆಯ ಹೊಗಳಿಕೆಯನ್ನು. ಅಕ್ಷರ ಬಂದ ಮಾತ್ರಕ್ಕೆ ತನ್ನ ಮಾತನ್ನು ತಾನು ಹೇಳುವ ಧೈರ್ಯವು ಬಂದಂತಾಗಲಿಲ್ಲ. ಆ ಧೈರ್ಯವನ್ನು ನಾವು ಕಾಣಬೇಕಾದರೆ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಹೋಗಬೇಕು. ಅಲ್ಲಿ ಅಕ್ಕಮಹಾದೇವಿ, ಮುಕ್ತಾಯಕ್ಕ, ಆಯ್ದಕ್ಕಿ ಲಕ್ಕಮ್ಮ ಮೊದಲಾದವರು ತಮ್ಮ ಅನುಭವವನ್ನು ತಮ್ಮ ಮಾತಿನಲ್ಲಿಯೇ ಹೇಳಿದರು. ಗಂಡನು ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ತಪ್ಪೆಂದು ಹೇಳಿದಳು. ಗಂಡನು ಅದನ್ನು ಕೇಳಿದನು. ಅವಳು ಹೇಳಿದಳೆಂಬುದನ್ನು ಎಲ್ಲರೂ ಕೊಂಡಾಡುತ್ತಾರೆ. ಅವನು ಕೇಳಿದನೆಂಬುದನ್ನೂ ಕೊಂಡಾಡತಕ್ಕದ್ದು. ಯಾಕೆಂದರೆ ಕೇಳುವವರಿಲ್ಲದೆ ಹೇಳುವವರು ಬಹುದಿನ ಬಾಳಲಾರರು.

೨. ಕಟ್ಟಡದ ಸುರಕ್ಷತೆ

ಸುರಕ್ಷತೆಯಲ್ಲಿ ಕಣ್ಣಿಗೆ ಕಾಣುವ ಭಾಗವು ಕಟ್ಟಡದ್ದು. ಇದರ ಪಾಠವನ್ನು ನಮ್ಮ ನೆರೆಯೇ ನಮಗೆ ಕಠಿಣವಾಗಿ ಕಲಿಸಿದೆ. ೧೯೯೩ನೆಯ ಸೆಪ್ಟೆಂಬರ ೩೦ರ ನಸುಕಿನಲ್ಲಿ, ನಾಲ್ಕು ಗಂಟೆಯ ಸುಮಾರಿಗೆ, ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತಲೂ ಭೂಮಿ ನಡುಗಿತು. ನಮ್ಮ ಬೀದರ ಜಿಲ್ಲೆಯ ಮನೆಗಳಲ್ಲಿಯೂ ಜನರು ಎದ್ದು ಬೀದಿಗೆ ಬಂದರು. ಸುಮಾರು ಹತ್ತು ಸಾವಿರ ಜೀವಗಳು ಅಳಿದುವು. ಅಲ್ಲಿಯ ದಪ್ಪ ಕಲ್ಲುಗೋಡೆಗಳನ್ನು ಕೆಸರಿನಿಂದ ಕಟ್ಟಲಾಗಿತ್ತು. ಗೋಡೆಯ ಎರಡು ಮೈಗಳನ್ನು ಹಿಡಿದಿಡುವ ಅಡ್ಡಗಲ್ಲುಗಳಿರಲಿಲ್ಲ. ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಮಲಗಿದವರ ಮೇಲೆ ಅವರ ಮನೆಯೇ ಬಿತ್ತು. ನಮ್ಮ ಸೀಮೆಯ ಹಳೆಯ ಮನೆಗಳೂ ಹಳೆಯ ಶಾಲಾ ಕೋಣೆಗಳೂ ಅದೇ ಕಲ್ಲು, ಅದೇ ಮಣ್ಣಿನವು ಎಂಬುದನ್ನು ನೆನಪಿಡಬೇಕು.

ತಮಿಳುನಾಡಿನ ಕುಂಭಕೋಣದಲ್ಲಿ ೨೦೦೪ನೆಯ ಜುಲೈ ೧೬ರಂದು ಒಂದು ಶಾಲೆಗೆ ಬೆಂಕಿ ಬಿದ್ದು ೯೪ ಮಕ್ಕಳು ಸತ್ತರು. ಅಡಿಗೆಮನೆಯ ಕಿಡಿಯು ಗರಿಯ ಮಾಡಿಗೆ ಹತ್ತಿತು. ಮಕ್ಕಳಿಗೆ ಹೊರಬೀಳಲು ಸಾಕಷ್ಟು ದಾರಿಯಿರಲಿಲ್ಲ. ಆ ದುರಂತದ ತರುವಾಯ ಮೊಕದ್ದಮೆಯೊಂದರಲ್ಲಿ ೨೦೦೯ರ ಏಪ್ರಿಲ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಗುವಿಗೆ ಶಿಕ್ಷಣದ ಹಕ್ಕುಂಟೆಂದರೆ ಸುರಕ್ಷಿತವಾದ ಶಾಲೆಯಲ್ಲಿ ಕಲಿಯುವ ಹಕ್ಕೂ ಅದರಲ್ಲಿಯೇ ಸೇರಿದೆಯೆಂದು ತೀರ್ಪು ಕೊಟ್ಟು, ಬೆಂಕಿಯಾರಿಸುವ ಸಲಕರಣೆ, ಶಿಕ್ಷಕರ ತರಬೇತಿ ಮೊದಲಾದುವನ್ನು ಎಲ್ಲ ಶಾಲೆಗಳಿಗೂ ಕಡ್ಡಾಯಗೊಳಿಸಿತು.

ಆದುದರಿಂದ ಪಾಲಕರು ಶಾಲೆಗೆ ಬಂದಾಗ ಅಂಕಗಳನ್ನು ವಿಚಾರಿಸುವುದರ ಸಂಗಡ ನಾಲ್ಕು ಬೇರೆ ಪ್ರಶ್ನೆಗಳನ್ನೂ ಕೇಳಬೇಕೆಂದು ನಾವು ಬಯಸುತ್ತೇವೆ: ಹೊರಬೀಳುವ ಬಾಗಿಲು ಶಾಲೆಯ ವೇಳೆಯಲ್ಲಿ ತೆರೆದಿರುತ್ತದೆಯೋ? ಗೋಡೆಯ ಬಿರುಕನ್ನು ಯಾರು ಪರೀಕ್ಷಿಸಿದರು? ವಿದ್ಯುತ್ತಿನ ತಂತಿಗಳು ಮುಚ್ಚಿವೆಯೋ? ಅಪಾಯದ ಗಂಟೆ ಬಾರಿಸಿದಾಗ ಏನು ಮಾಡಬೇಕೆಂದು ಮಗಳಿಗೆ ಗೊತ್ತಿದೆಯೋ? ಇಲ್ಲಿಯೂ ನಮ್ಮ ಮುಖ್ಯ ವಿಷಯವೇ ತಲೆದೋರುವುದನ್ನು ನೋಡಿರಿ. ಬಿರುಕನ್ನು ಮೊದಲು ಕಾಣುವವರು ಹಿಂದಿನ ಹಲಗೆಯ ಮಕ್ಕಳು. ತಂತಿಯ ಚುರುಕನ್ನು ಮೊದಲು ಅರಿತವಳು ಗುಂಡಿಯನ್ನು ಒತ್ತಿದ ಬಾಲಿಕೆ. ಅಧಿಕಪ್ರಸಂಗವೆಂದು ಗದರಿಸಿಕೊಳ್ಳದೆ ಅದನ್ನು ಹೇಳಬಲ್ಲಳಾದರೆ ಅರ್ಧ ಅಪಾಯವು ಅಂದೇ ತಪ್ಪಿತು.

೩. ದಾರಿಯ ಕಷ್ಟ, ಮನೆಯ ಮೌನ

ಕಣ್ಣಿಗೆ ಕಾಣದ ಅಪಾಯದ ಮಾತು ಇನ್ನು ಮೇಲೆ. ಇದನ್ನು ಬರೆಯುವುದು ಸುಲಭವಲ್ಲ. ಬರೆಯದೆ ಬಿಡುವುದು ಅದಕ್ಕಿಂತಲೂ ಕೆಟ್ಟದ್ದು.

೨೦೨೩ನೆಯ ಜೂನ ೧೧ರಿಂದ ಕರ್ನಾಟಕದಲ್ಲಿ ಶಕ್ತಿ ಯೋಜನೆಯ ಮೂಲಕ ಹೆಂಗಸರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವು ದೊರೆಯಿತು. ಬಸ್ಸಿನ ಹಣಕ್ಕಾಗಿ ಮಗಳ ಓದು ನಿಲ್ಲಿಸುವ ಕಾರಣವೊಂದು ಇದರಿಂದ ತೊಲಗಿತೆಂಬುದು ಸಂತೋಷದ ವಿಷಯ. ಆದರೆ ಬಸ್ಸು ಹತ್ತಿದ ಮೇಲಿನ ಕಷ್ಟವು ಉಳಿದೇ ಇದೆ. ಗದ್ದಲದಲ್ಲಿ ಮೈಗೆ ತಾಗುವ ಕೈಗಳು, ನಿಲ್ದಾಣದಲ್ಲಿ ಬೆನ್ನು ಹತ್ತುವ ದ್ವಿಚಕ್ರಗಳು, ಹಾದುಹೋಗುವಾಗ ಕೇಳಿಬರುವ ಕೀಳು ಮಾತುಗಳು, ತಡವಾದ ಬಸ್ಸಿನಿಂದಿಳಿದು ಊರಿನ ತನಕ ನಡೆಯಬೇಕಾದ ಕತ್ತಲೆ. ಇವು ಒಬ್ಬಳ ಕಥೆಯಲ್ಲ, ಒಂದು ಊರಿನದೂ ಅಲ್ಲ. ಹಳ್ಳಿಯಿಂದ ಓದಲು ಹೊರಟ ಹುಡುಗಿಯರು ಎಲ್ಲೆಲ್ಲಿಯೂ ಇವನ್ನು ಬಲ್ಲರು.

ಬಲ್ಲರು, ಆದರೆ ಮನೆಯಲ್ಲಿ ಹೇಳರು. ಏಕೆ ಹೇಳರು? ನಾಚಿಕೆಯಿಂದೆಂದು ಹಿರಿಯರು ತಿಳಿಯುವರು. ನಾಚಿಕೆಯೂ ಉಂಟು, ಆದರೆ ಅದು ಚಿಕ್ಕ ಕಾರಣ. ನಮ್ಮ ಹುಡುಗಿಯರು ಲೆಕ್ಕದಲ್ಲಿ ಮಂದರಲ್ಲ. ಬಾಯಿಬಿಟ್ಟರೆ ಕಳೆದುಕೊಳ್ಳುವುದೆಷ್ಟು, ಬಿಡದಿದ್ದರೆ ಸಹಿಸಬೇಕಾದದ್ದೆಷ್ಟು ಎಂದು ಅವರು ಮನಸ್ಸಿನಲ್ಲಿಯೇ ಕೂಡಿಸಿ ಕಳೆದು ನೋಡುತ್ತಾರೆ. ಮೇಲಿನ ಮನೆಯ ಅಕ್ಕನು ಒಂದು ದಿನ ಅಳುತ್ತ ಬಂದು ಹೇಳಿದ್ದಳು. ಮರುದಿನದಿಂದ ಅವಳ ಪಾಟಿಚೀಲವು ಗೂಟಕ್ಕೆ ತೂಗಿತು. ಮುಂದಿನ ಬೇಸಗೆಯಲ್ಲಿ ಅವಳ ಮದುವೆಯೂ ಆಯಿತು. ತೊಂದರೆ ಕೊಟ್ಟವನು ಮಾತ್ರ ಇಂದಿಗೂ ಅದೇ ನಿಲ್ದಾಣದಲ್ಲಿ ನಿಂತಿದ್ದಾನೆ. ಇದನ್ನು ಕಣ್ಣಾರೆ ಕಂಡ ತಂಗಿಯು ಯಾವ ಪಾಠವನ್ನು ಕಲಿತಾಳು? ಹೇಳಿದವಳಿಗೆ ಶಿಕ್ಷೆ, ಮಾಡಿದವನಿಗೆ ಇಲ್ಲ ಎಂಬ ಪಾಠವನ್ನೇ ಅಲ್ಲವೆ? ಅವಳು ಓದಬೇಕೆಂಬ ಆಸೆಯುಳ್ಳವಳಾದರೆ ಹಲ್ಲು ಕಚ್ಚಿ ಸುಮ್ಮನಿರುವಳು. ಶಾಲೆಯ ಮೇಲಿನ ಪ್ರೀತಿಯೇ ಅವಳ ಬಾಯಿಗೆ ಬೀಗವಾಗುವುದು. ಓದಿನಲ್ಲಿ ಹೆಚ್ಚು ಆಸಕ್ತಿಯುಳ್ಳ ಹುಡುಗಿಯು ಹೆಚ್ಚು ಮೌನವಾಗಿರುವಳೆಂದರೆ ಇದಕ್ಕಿಂತ ದುಃಖದ ಸಂಗತಿ ಯಾವುದು?

ಬಂಡೆಯೆಂದು ನಾವು ಮೊದಲಲ್ಲಿ ಹೇಳಿದುದು ಇದನ್ನೇ. ತಂದೆತಾಯಿಗಳು ಮಗಳನ್ನು ಮನೆಯಲ್ಲಿ ಕೂಡಿಸುವುದು ದ್ವೇಷದಿಂದಲ್ಲ, ಪ್ರೀತಿಯಿಂದ. ಅಂಜಿದ ಪ್ರೀತಿಗೆ ಮೊದಲು ತೋಚುವ ಉಪಾಯವು ಬಾಗಿಲು ಮುಚ್ಚುವುದು. ಆದರೆ ಆ ಉಪಾಯದ ಫಲವನ್ನು ವಿಚಾರಿಸಿರಿ: ಒಬ್ಬಳನ್ನು ಮನೆಯಲ್ಲಿ ಕೂಡಿಸಿದ ಸುದ್ದಿಯು ಊರಿನ ಹತ್ತು ಹುಡುಗಿಯರ ಬಾಯಿ ಕಟ್ಟಿಸುವುದು. ಬಾಯಿ ಕಟ್ಟಿದ ಊರಿನಲ್ಲಿ ದುಷ್ಟನಿಗೆ ಯಾರ ಅಂಜಿಕೆ?

ಅವಸರದ ಮದುವೆಯನ್ನು ರಕ್ಷಣೆಯೆಂದು ಭಾವಿಸುವವರಿಗೂ ಒಂದು ಮಾತು. ೨೦೦೬ರ ಬಾಲ್ಯವಿವಾಹ ನಿಷೇಧ ಕಾಯಿದೆಗೆ ಕರ್ನಾಟಕವು ೨೦೧೬ರಲ್ಲಿ ಮಾಡಿದ ತಿದ್ದುಪಡಿಯಂತೆ, ಹದಿನೆಂಟು ತುಂಬದ ಹುಡುಗಿಯ ಮದುವೆಯು ನಮ್ಮ ರಾಜ್ಯದಲ್ಲಿ ಮೊದಲಿನಿಂದಲೇ ಅಸಿಂಧು. ಕಾಯಿದೆಯ ಕಣ್ಣಿನಲ್ಲಿ ಅಂಥ ಮದುವೆ ಆಗಿಯೇ ಇಲ್ಲ. ಮಾಡಿಸಿದವರಿಗೆ ಮಾತ್ರ ದಂಡನೆಯುಂಟು.

೪. ಮನೆಯ ಮರ್ಯಾದೆ, ಶಾಲೆಯ ಹೆಸರು

ಮನೆಯವರ ಮೇಲಷ್ಟೇ ಹೊಣೆ ಹೊರಿಸಿ ಶಿಕ್ಷಕವರ್ಗವು ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ಮನೆಗೆ ಮರ್ಯಾದೆಯ ಅಂಜಿಕೆಯಿದ್ದಂತೆ ಶಾಲೆಗೆ ಹೆಸರಿನ ಅಂಜಿಕೆಯುಂಟು. ಸುದ್ದಿ ಹೊರಗೆ ಬಂದರೆ ಪ್ರವೇಶ ಕಡಿಮೆಯಾದೀತು, ಪತ್ರಿಕೆಯಲ್ಲಿ ಬಂದೀತು ಎಂದು ಮಗುವನ್ನೇ ಸಮಾಧಾನಪಡಿಸಿ ಕಳಿಸಿದ ಸಂಸ್ಥೆಗಳು ದೇಶದಲ್ಲಿ ಇಲ್ಲದಿಲ್ಲ. ಮರ್ಯಾದೆ, ಹೆಸರು ಎಂಬ ಈ ಎರಡು ಕಲ್ಲುಗಳ ನಡುವೆ ಮಗುವಿನ ಮಾತು ಹಿಟ್ಟಾಗುವುದು.

೨೦೦೭ರಲ್ಲಿ ಭಾರತ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ೧೩ ರಾಜ್ಯಗಳ ೧೨,೪೪೭ ಮಕ್ಕಳನ್ನು ವಿಚಾರಿಸಿ ಒಂದು ವರದಿಯನ್ನು ಹೊರಡಿಸಿತು. ಅವರಲ್ಲಿ ಅರ್ಧಕ್ಕೆ ಮೇಲ್ಪಟ್ಟ ಮಕ್ಕಳು ಒಂದಿಲ್ಲೊಂದು ಬಗೆಯ ಲೈಂಗಿಕ ಪೀಡೆಯನ್ನು ಕಂಡಿದ್ದರು. ಗಂಡುಮಕ್ಕಳು ಇದರಲ್ಲಿ ಹೆಣ್ಣುಮಕ್ಕಳಿಗಿಂತ ಕಡಿಮೆಯಿರಲಿಲ್ಲ. ಪೀಡಿಸಿದವರಲ್ಲಿ ಅರ್ಧದಷ್ಟು ಜನರು ಮಗುವಿಗೆ ಪರಿಚಿತರು, ನಂಬಿಕೆಯ ಸ್ಥಾನದಲ್ಲಿದ್ದವರು. ಎಲ್ಲಕ್ಕಿಂತ ಹೆಚ್ಚಾಗಿ, ಬಹುತೇಕ ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ. ಅಪಾಯವು ಅಪರಿಚಿತರಿಂದಲೇ ಬರುವುದೆಂದು ತಿಳಿದು ಬಾಗಿಲಿಗೆ ಕಾವಲಿಟ್ಟರೆ ಸಾಲದೆಂಬುದು ಇದರಿಂದ ಸ್ಪಷ್ಟವಾಗುವುದು. ಕ್ಯಾಮರಾ ಬಾಗಿಲನ್ನು ನೋಡಬಲ್ಲದು. ಮಗುವಿನ ಮನಸ್ಸಿನಲ್ಲಿರುವ ಮಾತನ್ನು ಕೇಳಲಾರದು.

ಇದರ ತರುವಾಯ ಬಂದುದೇ ೨೦೧೨ರ ಪೋಕ್ಸೋ ಕಾಯಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ಕಾಪಾಡುವ ಈ ಕಾಯಿದೆಯು ಅದೇ ವರ್ಷದ ನವೆಂಬರ ೧೪ರಂದು ಜಾರಿಗೆ ಬಂದಿತು. ಪಾಲಕರಿಗೆ ಇದರ ಹೆಸರು ಗೊತ್ತು, ಒಳಗಿನ ಮಾತು ಗೊತ್ತಿಲ್ಲ. ಠಾಣೆ, ಕಚೇರಿ, ಊರಿನ ಗುಲ್ಲು ಎಂಬ ಅಂಜಿಕೆಯಿಂದಲೇ ಅನೇಕರು ಹಿಂಜರಿಯುವರಾದುದರಿಂದ ಕೆಲವು ಮುಖ್ಯ ಅಂಶಗಳನ್ನು ಇಲ್ಲಿ ಬಿಡಿಸಿ ಹೇಳುವೆವು.

ಮೊದಲನೆಯದು: ಹದಿನೆಂಟು ತುಂಬದ ಗಂಡುಹೆಣ್ಣು ಮಕ್ಕಳೆಲ್ಲರೂ ಈ ಕಾಯಿದೆಯ ಆಶ್ರಯದಲ್ಲಿರುವರು. ಎರಡನೆಯದು: ಅಪರಾಧವು ನಡೆದುದನ್ನು ಅರಿತವರು ಪೋಲೀಸರಿಗೆ ತಿಳಿಸಲೇಬೇಕು; ತಿಳಿಸದಿರುವುದು ದಂಡನೆಗೆ ಗುರಿಯಾದ ತಪ್ಪು; ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಅವರಿಗೆ ಒಂದು ವರ್ಷದ ತನಕ ಸೆರೆವಾಸವಾಗಬಹುದು. ಮೂರನೆಯದು: ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ, ಸಾಧ್ಯವಾದ ಮಟ್ಟಿಗೆ ಮಹಿಳಾ ಅಧಿಕಾರಿಯು, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು, ತಂದೆತಾಯಿಗಳು ಅಥವಾ ಮಗು ನಂಬಿದವರು ಜೊತೆಗಿರಬಹುದು. ನಾಲ್ಕನೆಯದು: ರಾತ್ರಿಯಲ್ಲಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಐದನೆಯದು: ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಪತ್ರಿಕೆಗಳು ಪ್ರಕಟಿಸಕೂಡದು. ಆರನೆಯದು: ಸಾಕ್ಷಿ ಹೇಳುವಾಗ ಮಗುವು ಆರೋಪಿಯ ಕಣ್ಣೆದುರಿಗೆ ನಿಲ್ಲದಂತೆ ನ್ಯಾಯಾಲಯವು ಏರ್ಪಾಡು ಮಾಡಬೇಕು.

ಇದಲ್ಲದೆ ೨೦೨೦ರ ನಿಯಮಗಳಂತೆ, ಮಕ್ಕಳೊಡನೆ ಕೆಲಸ ಮಾಡುವ ಸಂಸ್ಥೆಯು ತನ್ನ ಸಿಬ್ಬಂದಿಯ ಪೂರ್ವವೃತ್ತಾಂತವನ್ನು ಪೋಲೀಸರ ಮೂಲಕ ಪರೀಕ್ಷಿಸಬೇಕು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಬೆತ್ತಕ್ಕೆ ಅಂಜುವ ಮಗು ಬೆತ್ತ ಹಿಡಿದವರೆದುರಿಗೆ ಮನಸ್ಸು ಬಿಚ್ಚಲಾರದೆಂಬುದನ್ನು ಕಾಯಿದೆಯು ಹೇಳುವುದಕ್ಕಿಂತ ಮೊದಲೇ ಶಿಕ್ಷಕರು ಅರಿಯಬೇಕಾಗಿತ್ತು.

ಕಷ್ಟದಲ್ಲಿರುವ ಮಗು ತಾನೇ ಮಾತಾಡಬಹುದಾದ ದೂರವಾಣಿಯೂ ಉಂಟು. ೧೦೯೮ ಎಂಬ ಮಕ್ಕಳ ಸಹಾಯವಾಣಿಯು ೧೯೯೬ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಈಗ ದೇಶದಲ್ಲೆಲ್ಲ ಹಗಲಿರುಳೂ ಉಚಿತವಾಗಿ ನಡೆಯುತ್ತಿದೆ. ತುರ್ತಿನ ಸಂಖ್ಯೆ ೧೧೨. ಮಗ್ಗಿಯಂತೆ ಈ ಎರಡು ಸಂಖ್ಯೆಗಳೂ ಪ್ರತಿಯೊಬ್ಬ ವಿದ್ಯಾರ್ಥಿನಿಗೆ ಬಾಯಿಪಾಠವಾಗಿರಬೇಕು.

೫. ಮೊಬೈಲೆಂಬ ಹೊಸ ಬಾಗಿಲು

೨೦೨೦ರ ಮಾರ್ಚಿಯಲ್ಲಿ ಕೋವಿಡ ರೋಗದ ಕಾರಣ ಶಾಲೆಗಳು ಮುಚ್ಚಿದುವು. ಜುಲೈ ತಿಂಗಳಲ್ಲಿ ದೂರದರ್ಶನದ ಚಂದನ ವಾಹಿನಿಯು ಪ್ರೌಢಶಾಲೆಯ ಪಾಠಗಳನ್ನು ಬಿತ್ತರಿಸಿತು. ಆಗಸ್ಟಿನಲ್ಲಿ ವಿದ್ಯಾಗಮವೆಂಬ ಯೋಜನೆಯ ಮೂಲಕ ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳುಗಳಿಗೆ ಹೋಗಿ ಪಾಠ ಹೇಳಿದರು. ಅದೇ ಕಾಲದಲ್ಲಿ ಮೊಬೈಲು ಮನೆಮನೆಯ ಪಾಠಶಾಲೆಯಾಯಿತು. ಒಂದೇ ಮೊಬೈಲಿದ್ದ ಮನೆಯಲ್ಲಿ ಅದು ಮೊದಲು ತಂದೆಯ ಕೈಗೆ, ತರುವಾಯ ಅಣ್ಣನ ಕೈಗೆ, ಉಳಿದ ವೇಳೆ ತಂಗಿಯ ಕೈಗೆ ಬಂದುದನ್ನು ನಾವೆಲ್ಲರೂ ಕಂಡೆವು. ಆದರೂ ಅದು ಬಂದಿತು, ಇನ್ನು ಹೋಗದು.

ಮೊಬೈಲು ಕೆಟ್ಟದ್ದೆಂದು ಬೈದು ಕೂಡ್ರುವುದರಿಂದ ಫಲವಿಲ್ಲ. ಬಾವಿಯಿರುವ ಊರಿನಲ್ಲಿ ಮಕ್ಕಳಿಗೆ ಈಜು ಕಲಿಸುವುದು ಬುದ್ಧಿವಂತರ ಲಕ್ಷಣ. ಗುರುತಿಲ್ಲದವನ ಸ್ನೇಹವನ್ನು ಒಪ್ಪಬಾರದು; ತನ್ನ ಗುಪ್ತಸಂಖ್ಯೆಯನ್ನು ಗೆಳತಿಗೂ ಹೇಳಬಾರದು; ಕಳಿಸಿದ ಚಿತ್ರವು ಮರಳಿ ಬಾರದು; ಮುಖವನ್ನು ಬದಲಿಸಿ ಸುಳ್ಳು ಚಿತ್ರವನ್ನು ಹುಟ್ಟಿಸುವ ಯಂತ್ರಗಳು ಈಗ ಎಲ್ಲರ ಕೈಯಲ್ಲಿವೆ ಎಂಬಿಷ್ಟನ್ನು ಹುಡುಗಿಯರಿಗೆ ಸ್ಪಷ್ಟವಾಗಿ ಕಲಿಸಬೇಕು. ಚಿತ್ರವನ್ನು ಹಿಡಿದು ಯಾವನಾದರೂ ಹೆದರಿಸಿದರೆ ಅವನಿಗೆ ಹಣ ಕೊಡಬಾರದು, ಅವನು ಬರೆದುದನ್ನು ಅಳಿಸಬಾರದು, ಅದೇ ಸಾಕ್ಷ್ಯ. ಕೂಡಲೇ ಹಿರಿಯರಿಗೆ ತಿಳಿಸಿ ಪೋಲೀಸರ ಬಳಿಗೆ ಅಥವಾ ೧೯೩೦ ಎಂಬ ಸೈಬರ ಅಪರಾಧದ ಸಹಾಯವಾಣಿಗೆ ಹೋಗಬೇಕು.

ಕೂಡಲೇ ತಿಳಿಸಬೇಕೆಂದೆವು. ಇಲ್ಲಿಯೂ ಅದೇ ಬಂಡೆ ಎದುರಾಗುವುದು. ಹೇಳಿದರೆ ಮೊಬೈಲು ಕಸಿಯುವರು, ಬೈಯುವರು, ಓದು ಬಿಡಿಸುವರು ಎಂಬ ಲೆಕ್ಕವನ್ನು ಹುಡುಗಿಯು ಮಾಡಿಯೇ ಮಾಡುವಳು. ಹೆದರಿಸುವವನ ಬಲವು ಅವನ ಕೈಯಲ್ಲಿರುವ ಚಿತ್ರದಲ್ಲಿಲ್ಲ. ತನ್ನ ಮನೆಯವರು ಏನು ಮಾಡುವರೋ ಎಂಬ ಅವಳ ಅಂಜಿಕೆಯಲ್ಲಿದೆ. ಮನೆಯವರು ತನ್ನ ಪಕ್ಷದಲ್ಲಿರುವರೆಂದು ಅವಳಿಗೆ ಗೊತ್ತಾದ ಗಳಿಗೆಯಲ್ಲಿಯೇ ಅವನ ಬಲವು ಮುರಿದು ಬೀಳುವುದು.

೬. ಶಾಲೆಗೂ ಮನೆಗೂ ನಡುವಣ ಭಾಷೆ

ಹೇಳುವ ಮನಸ್ಸಿದ್ದರೂ ಹೇಳಲು ಶಬ್ದ ಬೇಕು. ತಾಂಡಾದಿಂದ ಬಂದ ಹುಡುಗಿಗೆ ಮನೆಯ ಮಾತೊಂದು, ಶಾಲೆಯ ಮಾತೊಂದು. ಮೈಯ ಅಂಗಗಳ ಹೆಸರುಗಳು ಅವಳಿಗೆ ಪುಸ್ತಕದ ಸಂಸ್ಕೃತ ಶಬ್ದಗಳಲ್ಲಿ ಅಥವಾ ಬೈಗಳಲ್ಲಿ ಮಾತ್ರ ಗೊತ್ತು; ನಡುವಿನ ಮರ್ಯಾದೆಯ ಶಬ್ದಗಳನ್ನು ಯಾರೂ ಕೊಟ್ಟಿಲ್ಲ. ಶಬ್ದವಿಲ್ಲದ ನೋವು ಹೊಟ್ಟೆನೋವೆಂದು, ತಲೆನೋವೆಂದು ಹೊರಬೀಳುವುದು. ಶಾಲೆಗೆ ಹೋಗಲಾರೆನೆಂಬ ಹಟವಾಗಿ ಹೊರಬೀಳುವುದು. ಆದಕಾರಣ ಋತುಸ್ರಾವ, ಮೈಯ ಬೆಳವಣಿಗೆ, ಒಳ್ಳೆಯ ಸ್ಪರ್ಶ ಕೆಟ್ಟ ಸ್ಪರ್ಶಗಳ ವಿಷಯವನ್ನು ಶಿಕ್ಷಕಿಯರು ಸರಳವಾದ, ನಾಚಿಕೆಯಿಲ್ಲದ ಮಾತುಗಳಲ್ಲಿ ಕಲಿಸುವುದು ಇತರ ಪಾಠಗಳಷ್ಟೇ ಅವಶ್ಯವಾದುದು. ಪಾಲಕರು ಇದನ್ನು ಕಂಡು ಮುನಿಯಬಾರದು.

ಶಾಲೆಯ ಸೂಚನೆಗಳ ವಿಷಯವನ್ನೂ ನೋಡತಕ್ಕದ್ದು. ಪ್ರೌಢ ಭಾಷೆಯಲ್ಲಿ ಬರೆದ ಚೀಟಿ, ತಂದೆಯ ಮೊಬೈಲಿಗೆ ಬಂದ ಸಂದೇಶ ಇವುಗಳಿಂದ ಹೊಲದಲ್ಲಿ ಕಳೆ ಕೀಳುತ್ತಿರುವ ತಾಯಿಗೆ ಏನೂ ಮುಟ್ಟುವುದಿಲ್ಲ. ಆಡುವ ಮಾತಿನಲ್ಲಿ, ಬೇಕಾದರೆ ಉರ್ದುವಿನಲ್ಲಿ, ಮರಾಠಿಯಲ್ಲಿ, ಲಂಬಾಣಿಯಲ್ಲಿ, ಒಂದು ನಿಮಿಷದ ಧ್ವನಿಸಂದೇಶವನ್ನು ಕಳಿಸಿದರೆ ಅವಳು ಅದನ್ನು ಎರಡು ಸಲ ಕೇಳುವಳು, ನೆರೆಯವರಿಗೂ ಕೇಳಿಸುವಳು. ಪಾಲಕರ ಸಭೆಗೆ ತಾಯಂದಿರು ಬರುವ ಹೊತ್ತನ್ನು ನೋಡಿ ವೇಳೆ ಗೊತ್ತುಮಾಡಬೇಕೇ ಹೊರತು, ಬರಲಿಲ್ಲವೆಂದು ದೂರಬಾರದು. ಹುಡುಗಿಯು ಎರಡು ದಿನ ಕಾರಣವಿಲ್ಲದೆ ಬಾರದಿದ್ದರೆ ಮೂರನೆಯ ದಿನ ಶಾಲೆಯಿಂದ ಒಬ್ಬರು ಅವಳ ಬಾಗಿಲಿಗೆ ಹೋಗಬೇಕು. ಹಾಜರಿಯ ಪುಸ್ತಕದಲ್ಲಿಯ ಖಾಲಿ ಮನೆಯೂ ಒಂದು ಮಾತೇ. ಅದನ್ನು ಓದಲು ಕಲಿಯುವುದು ನಮ್ಮ ವೃತ್ತಿಯ ಭಾಗ.

ಅನೇಕ ಶಾಲೆಗಳಲ್ಲಿ ದೂರಿನ ಪೆಟ್ಟಿಗೆಯನ್ನು ತೂಗುಹಾಕಿರುವರು. ಒಳ್ಳೆಯದು. ಆದರೆ ಅದನ್ನು ಗೊತ್ತಾದ ದಿನ ಇಬ್ಬರು ಕೂಡಿ ತೆರೆಯಬೇಕು. ಹೆಸರಿಲ್ಲದ ಚೀಟಿಯನ್ನೂ ಓದಬೇಕು. ಏನು ಮಾಡಿದೆವೆಂಬುದನ್ನು ಮಕ್ಕಳಿಗೆ ತಿಳಿಸಬೇಕು. ಬೀಗಕ್ಕೆ ತುಕ್ಕು ಹಿಡ��ದ ಪೆಟ್ಟಿಗೆಯು ಪೆಟ್ಟಿಗೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು; ಹೇಳಿದರೂ ಕೇಳುವವರಿಲ್ಲವೆಂಬುದನ್ನು ಅದು ದಿನಾಲು ಸಾರುತ್ತಿರುವುದು.

೭. ಮಾಡತಕ್ಕ ಕೆಲಸಗಳು

ಪಾಲಕರಲ್ಲಿ ನಮ್ಮ ಬೇಡಿಕೆಯು ಒಂದೇ. ಮಗಳು ಇನ್ನೂ ಏನೂ ಹೇಳದಿರುವಾಗಲೇ, ಒಂದು ಸಂಜೆ ಊಟದ ಹೊತ್ತಿನಲ್ಲಿ, ಅವಳಿಗೆ ಈ ಮಾತನ್ನು ಕೊಡಿರಿ: “ದಾರಿಯಲ್ಲಾಗಲಿ, ಶಾಲೆಯಲ್ಲಾಗಲಿ, ಮನೆಯಲ್ಲಿಯೇ ಆಗಲಿ, ಯಾರಿಂದ ಏನೇ ಆದರೂ ನಮಗೆ ಹೇಳು. ಹೇಳಿದ್ದಕ್ಕಾಗಿ ನಿನ್ನ ಓದು ನಿಲ್ಲದು.” ತಂದೆಯೂ ತಾಯಿಯೂ ಇಬ್ಬರೂ ಹೇಳಬೇಕು, ಅಣ್ಣತಮ್ಮಂದಿರು ಕೇಳುವಂತೆ ಹೇಳಬೇಕು. ಹೇಳಿದ ಮೇಲೆ ನಡೆಸಬೇಕು. ಅವಳು ಒಂದು ದಿನ ಬಂದು ಹೇಳಿದಾಗ “ನೀನೇಕೆ ಅಲ್ಲಿಗೆ ಹೋಗಿದ್ದೆ?” ಎಂಬ ಪ್ರಶ್ನೆಯು ನಾಲಗೆಯ ತುದಿಗೆ ಬಂದರೂ ನುಂಗಿಬಿಡಿರಿ, “ಹೇಳಿದ್ದು ಒಳ್ಳೆಯದಾಯಿತು” ಎನ್ನಿರಿ. ಮರುದಿನ ಅವಳನ್ನು ಬಸ್ಸಿಗೆ ಕಳಿಸಲು ಅಂಜಿಕೆಯಾದರೆ ಎರಡು ದಿನ ನೀವೇ ಜೊತೆಗೆ ಬನ್ನಿರಿ, ಇಲ್ಲವೆ ನಾಲ್ಕು ಮನೆಯವರು ಸರದಿಯ ಮೇಲೆ ಬನ್ನಿರಿ. ಅವಳ ಚೀಲವನ್ನು ಮಾತ್ರ ಗೂಟಕ್ಕೆ ತೂಗಹಾಕಬೇಡಿರಿ. ಗಂಡುಮಕ್ಕಳನ್ನು ಸಾಕುವ ಮನೆಗಳಿಗೂ ಪಾಠವುಂಟು: ನಿಲ್ದಾಣದಲ್ಲಿ ನಿಲ್ಲುವವನೂ ಒಬ್ಬ ತಾಯಿಯ ಮಗನೇ. ಅವನ ಸಂಜೆಗಳು ಎಲ್ಲಿ ಕಳೆಯುತ್ತವೆಂದು ಕೇಳುವುದು ಮಗಳ ಸಂಜೆಯನ್ನು ಕೇಳುವುದಕ್ಕಿಂತ ಕಡಿಮೆಯ ಕರ್ತವ್ಯವಲ್ಲ.

ವಿದ್ಯಾರ್ಥಿನಿಯರೂ ಒಂದು ಅಭ್ಯಾಸವನ್ನು ಮಾಡಲಿ. ಕೈಯ ಐದು ಬೆರಳಿಗೆ ಐವರು ಹಿರಿಯರ ಹೆಸರನ್ನು ಎಣಿಸಿಟ್ಟುಕೊಳ್ಳಲಿ: ಮನೆಯಲ್ಲಿ ಇಬ್ಬರು, ಶಾಲೆಯಲ್ಲಿ ಇಬ್ಬರು, ಊರಿನಲ್ಲಿ ಒಬ್ಬರು. ಒಬ್ಬರು ಕೇಳದಿದ್ದರೆ ಇನ್ನೊಬ್ಬರಿಗೆ, ಅವರೂ ಕೇಳದಿದ್ದರೆ ಮತ್ತೊಬ್ಬರಿಗೆ ಹೇಳುತ್ತ ಹೋಗುವುದು. ಬಸ್ಸಿನ ವೇಳೆ, ನಿಲ್ದಾಣದ ದೀಪ ಇಂಥ ಎಲ್ಲರ ಕಷ್ಟಗಳನ್ನು ಗ್ರಾಮ ಪಂಚಾಯತಿಯು ವರ್ಷಕ್ಕೊಮ್ಮೆ ನಡೆಸಬೇಕಾದ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಲಿ; ಸಾರಿಗೆ ಸಂಸ್ಥೆಗೆ ಎಲ್ಲರೂ ಸಹಿ ಮಾಡಿದ ಅರ್ಜಿಯನ್ನು ಬರೆಯಲಿ. ಅರ್ಜಿ ಬರೆಯುವುದನ್ನು ಭಾಷೆಯ ಪಾಠದಲ್ಲಿ ಕಲಿಸುವುದು ಅಂಕಗಳಿಗೋಸ್ಕರ ಮಾತ್ರವಲ್ಲ.

ಕೊನೆಯದಾಗಿ, ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಒಂದು ವಿನಂತಿ. ನೀವು ಇಂದು ದಾದಿಯರಾಗಿ, ಶಿಕ್ಷಕಿಯರಾಗಿ, ಅಂಗನವಾಡಿಯ ಕಾರ್ಯಕರ್ತೆಯರಾಗಿ, ಪಂಚಾಯತಿಯ ಸದಸ್ಯೆಯರಾಗಿ, ಗೃಹಿಣಿಯರಾಗಿ ಈ ಸೀಮೆಯ ಹಳ್ಳಿಹಳ್ಳಿಗಳಲ್ಲಿರುವಿರಿ. ಇದೇ ದಾರಿಯನ್ನು ನೀವು ನಡೆದವರು. ಹೇಳದೆ ನುಂಗಿದ ಮಾತುಗಳು ನಿಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ಇಂದಿಗೂ ಇದ್ದಾವು. ಶಾಲೆಗೆ ಗಡಿಯಾರವನ್ನೋ ಕಪಾಟನ್ನೋ ಕಾಣಿಕೆಯಾಗಿ ಕೊಡುವಿರಿ. ಅದಕ್ಕೆ ನಾವು ಕೃತಜ್ಞರು. ಆದರೆ ಅದಕ್ಕಿಂತ ದೊಡ್ಡ ಕಾಣಿಕೆಯೊಂದನ್ನು ಬೇಡುವೆವು. ನಿಮ್ಮ ಊರಿನಿಂದ ಶಾಲೆಗೆ ಹೋಗುವ ಹುಡುಗಿಯರಿಗೆ ಐದನೆಯ ಬೆರಳಿನ ಹೆಸರು ನಿಮ್ಮದಾಗಲಿ. ಅವಳ ಪರವಾಗಿ ಅವಳ ತಂದೆಯೊಡನೆ ಕುಳಿತು ಮಾತಾಡಿರಿ. ಠಾಣೆಗೆ ಹೋಗಬೇಕಾದರೆ ಜೊತೆಗೆ ಹೋಗಿರಿ. ಮರುದಿನದ ಬಸ್ಸಿಗೆ ಅವಳೊಡನೆ ನಿಲ್ಲಿರಿ. ನಿಮ್ಮ ಹೆಸರನ್ನೂ ಊರನ್ನೂ ಶಾಲೆಯ ಕಚೇರಿಯಲ್ಲಿ ಬರೆಯಿಸಿದರೆ ಪ್ರತಿ ಊರಿನ ಹುಡುಗಿಗೆ ಆ ಊರಿನ ಅಕ್ಕನು ಯಾರೆಂಬುದನ್ನು ಶಾಲೆಯು ಮೊದಲ ದಿನವೇ ತಿಳಿಸಬಹುದು. ಬರುವ ವರ್ಷದ ಪ್ರವೇಶಕ್ಕಿಂತ ಮುಂಚೆ ಆ ಪಟ್ಟಿಯು ಸಿದ್ಧವಾಗಬೇಕೆಂಬುದು ನಮ್ಮ ಆಸೆ.